ಹಸಿರು ಪೂರೈಕೆ ಸರಪಳಿಯ ಲಾಭ ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಕಾಣುವುದು ಹೇಗೆ: ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳಿಗೆ ಒಂದು ಕೈಪಿಡಿ

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಇವುಗಳಲ್ಲಿ ಯಾವುದೋ ಒಂದು ಕಡೆ ಹತ್ತು ಹನ್ನೆರಡು ಗಣಕ ನಿಯಂತ್ರಿತ ಸಿಎನ್‌ಸಿ ಯಂತ್ರಗಳನ್ನಿಟ್ಟುಕೊಂಡು ವಾಹನ ಕಂಪನಿಗಳಿಗೋ ಪಂಪು ತಯಾರಕರಿಗೋ ಬಿಡಿಭಾಗ ಮಾಡಿಕೊಡುವ ಮಾಲೀಕರಿಗೆ ಈಚಿನ ವರ್ಷಗಳಲ್ಲಿ ಗ್ರಾಹಕರಿಂದ ಹೊಸ ಬಗೆಯ ಕಡತವೊಂದು ಬರತೊಡಗಿದೆ. ವಿದ್ಯುತ್ ಎಷ್ಟು ಬಳಸುತ್ತೀರಿ, ಡೀಸೆಲ್ ಎಷ್ಟು, ತ್ಯಾಜ್ಯ ಎಲ್ಲಿಗೆ ಹೋಗುತ್ತದೆ, ನಿಮ್ಮ ಉಪ ಪೂರೈಕೆದಾರರ ಬಳಿ ಪರಿಸರ ಅನುಮತಿ ಪತ್ರಗಳಿವೆಯೇ ಎಂದು ಹತ್ತಾರು ಪ್ರಶ್ನೆಗಳಿರುವ ಆ ಕಡತವನ್ನು ಬಹುಪಾಲು ಘಟಕಗಳಲ್ಲಿ ಕ್ವಾಲಿಟಿ ವಿಭಾಗದ ಹುಡುಗನೊಬ್ಬ ಸಂಜೆ ಕುಳಿತು ಅಂದಾಜಿನಲ್ಲಿ ತುಂಬಿ ಕಳುಹಿಸುತ್ತಾನೆ. ಮಾಲೀಕರ ಮನಸ್ಸಿನಲ್ಲಿ ಮಾತ್ರ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಕೊಳ್ಳುವುದರಿಂದ ಕಳುಹಿಸುವವರೆಗಿನ ಕೆಲಸವನ್ನೆಲ್ಲ ಪರಿಸರಕ್ಕೆ ಹಾನಿ ತಗ್ಗುವಂತೆ ಬದಲಿಸಿದರೆ, ಅಂದರೆ ಪೂರೈಕೆ ಸರಪಳಿಯನ್ನು ಹಸಿರಾಗಿಸಿದರೆ, ನನ್ನ ವ್ಯಾಪಾರಕ್ಕೆ ಒಳ್ಳೆಯದಾಗುತ್ತದೆಯೋ, ಖರ್ಚು ಮಾತ್ರ ಹೆಚ್ಚುತ್ತದೆಯೋ?

ಈ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ, ಆದರೆ ನಿಮ್ಮ ಘಟಕದ ಉತ್ತರವನ್ನು ನೀವೇ ಕಂಡುಕೊಳ್ಳುವ ದಾರಿಯಿದೆ. ಅದಕ್ಕೆ ಎರಡು ಸಂಗತಿಗಳು ಬೇಕು. ಬದಲಾವಣೆಗೆ ಮೊದಲಿನ ಸ್ಥಿತಿ ಏನಿತ್ತು ಎಂಬ ಲೆಕ್ಕ ಒಂದು. ಬರುವ ಉಳಿತಾಯ ಯಾರ ಜೇಬಿಗೆ ಹೋಗುತ್ತದೆ ಎಂಬ ಸ್ಪಷ್ಟತೆ ಇನ್ನೊಂದು. ಎರಡನೆಯದನ್ನು ಬಿಟ್ಟವರೇ ಹೆಚ್ಚು ಕೈಸುಟ್ಟುಕೊಂಡಿದ್ದಾರೆ ಎಂಬುದು ನನ್ನ ಅನಿಸಿಕೆ.

ಗ್ರಾಹಕರು ಕೇಳುತ್ತಿರುವುದೇಕೆ

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ಪೈಕಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವವು ತಮ್ಮ ಪರಿಸರ ಮತ್ತು ಸಾಮಾಜಿಕ ನಡವಳಿಕೆಯ ವರದಿಯನ್ನು ಪ್ರಕಟಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರಲ್ಲಿ ಸೂಚಿಸಿತು. 2022-23ರಿಂದ ಅದು ಕಡ್ಡಾಯವಾಯಿತು. ಬಿಆರ್‌ಎಸ್‌ಆರ್ ಎಂದು ಕರೆಯಲಾಗುವ ಈ ವರದಿಯ ವ್ಯಾಪ್ತಿಗೆ ಪೂರೈಕೆದಾರರನ್ನೂ ತರುವ ನಿಯಮವನ್ನು 2023ರಲ್ಲಿ ರೂಪಿಸಲಾಯಿತು. ಆಮೇಲೆ ಪೂರೈಕೆದಾರರ ಭಾಗವನ್ನು ಸಡಿಲಗೊಳಿಸಿ ಸ್ವಯಂಪ್ರೇರಿತವೆಂದು ಮಾಡಲಾಗಿದೆ. ಆದರೂ ದೊಡ್ಡ ಕಂಪನಿಯ ಖರೀದಿ ವಿಭಾಗವು ಒಮ್ಮೆ ಕೇಳಲು ಆರಂಭಿಸಿದ ಪ್ರಶ್ನೆಯನ್ನು ಸುಲಭಕ್ಕೆ ಕೈಬಿಡುವುದಿಲ್ಲ. ರಫ್ತಿನ ಕಡೆಯಿಂದ ಒತ್ತಡ ಇನ್ನೂ ನೇರವಾಗಿದೆ. ಆಮದಾಗುವ ಸರಕು ತಯಾರಾಗುವಾಗ ಹೊರಬಿದ್ದ ಇಂಗಾಲಕ್ಕೆ ಐರೋಪ್ಯ ಒಕ್ಕೂಟ ವಿಧಿಸುವ ಗಡಿ ಇಂಗಾಲ ತೆರಿಗೆ 2023ರ ಅಕ್ಟೋಬರ್ 1ರಂದು ವರದಿ ಸಲ್ಲಿಕೆಯ ಹಂತವಾಗಿ ಆರಂಭವಾಗಿ, 2026ರ ಜನವರಿ 1ರಿಂದ ಹಣ ತೆರಬೇಕಾದ ಹಂತಕ್ಕೆ ಬಂದಿದೆ. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಜಲಜನಕ, ವಿದ್ಯುತ್ ಇವು ಅದರ ವ್ಯಾಪ್ತಿಯಲ್ಲಿವೆ. ಉಕ್ಕಿನ ಬೋಲ್ಟು, ಸ್ಕ್ರೂಗಳಂಥ ಸಿದ್ಧವಸ್ತುಗಳೂ ಆ ಪಟ್ಟಿಯಲ್ಲಿರುವುದನ್ನು ನಮ್ಮ ಅನೇಕ ಸಣ್ಣ ಘಟಕಗಳು ತಡವಾಗಿ ಗಮನಿಸಿದವು.

ಸಂಶೋಧನೆಗಳು ಏನು ಹೇಳುತ್ತವೆ ಎಂಬುದನ್ನು ಚುಟುಕಾಗಿ ನೋಡಬಹುದು. ಮಾಲಿನ್ಯವೆಂದರೆ ಸಂಪನ್ಮೂಲವನ್ನು ಅರೆಬರೆ ಬಳಸಿದ್ದರ ಗುರುತು, ಆದ್ದರಿಂದ ಅದನ್ನು ತಗ್ಗಿಸಿದರೆ ಖರ್ಚೂ ತಗ್ಗುವ ಸಾಧ್ಯತೆಯಿದೆ ಎಂದು ಮೈಕೇಲ್ ಪೋರ್ಟರ್ ಮತ್ತು ಕ್ಲಾಸ್ ವಾನ್ ಡೆರ್ ಲಿಂಡೆ 1995ರಲ್ಲಿ ವಾದಿಸಿದರು. ಅದುವರೆಗಿನ ಎರಡು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಸೂಸನ್ ಗೋಲಿಸಿಕ್ ಮತ್ತು ಕಾರ್ಲೊ ಸ್ಮಿತ್ ನಡೆಸಿದ ವಿಶ್ಲೇಷಣೆಯು ಪೂರೈಕೆ ಸರಪಳಿಯ ಪರಿಸರಸ್ನೇಹಿ ಕ್ರಮಗಳಿಗೂ ಸಂಸ್ಥೆಯ ಸಾಧನೆಗೂ ಧನಾತ್ಮಕ ಸಂಬಂಧವಿದೆ ಎಂದು ತೋರಿಸಿತು. ಆದರೆ ಲಾಭದಲ್ಲಿರುವ ಕಂಪನಿಯ ಕೈಯಲ್ಲಿಯೇ ಇಂಥ ಕ್ರಮಗಳಿಗೆ ಹಣವೂ ಪುರಸೊತ್ತೂ ಇರುತ್ತವಾದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬೇರ್ಪಡಿಸುವುದು ಕಷ್ಟ. ನಮಗೆ ಹೆಚ್ಚು ಉಪಯುಕ್ತವಾದದ್ದು ಚೀನಾದ ತಯಾರಿಕಾ ಘಟಕಗಳ 186 ಪ್ರತಿಕ್ರಿಯೆಗಳನ್ನು ಆಧರಿಸಿ ಝು ಮತ್ತು ಸಾರ್ಕಿಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನ. ಗುಣಮಟ್ಟ ನಿರ್ವಹಣೆ ಗಟ್ಟಿಯಾಗಿರುವ ಕಡೆ ಹಸಿರು ಕ್ರಮಗಳು ಚೆನ್ನಾಗಿ ಫಲ ಕೊಡುತ್ತವೆ. ಬೇಕಾದಾಗ ಬೇಕಾದಷ್ಟೇ ಸರಕು ತರಿಸುವ ಜಸ್ಟ್ ಇನ್ ಟೈಮ್ ಪದ್ಧತಿಯ ಜೊತೆಗೆ ಸೇರಿದಾಗ ಪರಿಸರದ ಫಲಿತಾಂಶ ಕೆಡಲೂಬಹುದು ಎಂಬುದು ಅವರಿಗೆ ಕಂಡದ್ದು. ಸಾಗಣೆಯ ವಿಷಯಕ್ಕೆ ಬಂದಾಗ ಇದನ್ನು ಮತ್ತೆ ನೋಡೋಣ.

ಹಿಂದಿನ ಹನ್ನೆರಡು ತಿಂಗಳ ಲೆಕ್ಕ

ಯಾವ ಬದಲಾವಣೆಗೂ ಕೈಹಾಕುವ ಮೊದಲು ಹಿಂದಿನ ಹನ್ನೆರಡು ತಿಂಗಳ ದಾಖಲೆಗಳನ್ನು ಒಂದೆಡೆ ತನ್ನಿ. ವಿದ್ಯುತ್ ಬಿಲ್ಲಿನ ಯೂನಿಟ್‌ಗಳು, ಜನರೇಟರ್‌ಗೂ ಸ್ವಂತ ವಾಹನಕ್ಕೂ ಹಾಕಿಸಿದ ಡೀಸೆಲ್, ಕೊಂಡ ಕಚ್ಚಾವಸ್ತುವಿನ ತೂಕ, ಕಳುಹಿಸಿದ ಸಿದ್ಧವಸ್ತುವಿನ ತೂಕ, ಗುಜರಿಗೆ ಮಾರಿದ ತೂಕ, ಪ್ಯಾಕಿಂಗ್ ಸಾಮಗ್ರಿಯ ಖರೀದಿ, ಬಾಡಿಗೆ ವಾಹನಗಳ ಬಿಲ್ಲು, ತಿರಸ್ಕೃತವಾಗಿ ಹಿಂದಿರುಗಿದ ಸರಕಿನ ಡೆಬಿಟ್ ನೋಟುಗಳು, ಅಂದರೆ ಗ್ರಾಹಕರು ನಿಮ್ಮ ಬಾಕಿಯಿಂದ ಹಣ ಕಳೆದುಕೊಂಡ ಚೀಟಿಗಳು. ಇವೆಲ್ಲವೂ ಟ್ಯಾಲಿಯಲ್ಲಿಯೋ ಸ್ಟೋರ್ಸಿನ ರಿಜಿಸ್ಟರಿನಲ್ಲಿಯೋ ಈಗಾಗಲೇ ಇರುವಂಥವು. ಹೊಸದಾಗಿ ಹುಟ್ಟಿಸಬೇಕಾದ ಅಂಕಿ ಒಂದೂ ಇಲ್ಲ. ಕೊಂಡ ತೂಕದಿಂದ ಕಳುಹಿಸಿದ ತೂಕವನ್ನೂ ಗುಜರಿಗೆ ಹೋದ ತೂಕವನ್ನೂ ಕಳೆದಾಗ ದಾಸ್ತಾನಿನ ವ್ಯತ್ಯಾಸಕ್ಕೂ ಮೀರಿದ ಅಂತರ ಉಳಿದರೆ, ಪರಿಸರದ ಮಾತು ಹಾಗಿರಲಿ, ಮೊದಲು ಗೇಟಿನ ತೂಕದ ಚೀಟಿಗಳನ್ನು ಪರಿಶೀಲಿಸಬೇಕಾಗುತ್ತದೆ.

ಈ ಅಂಕಿಗಳನ್ನು ಒಟ್ಟು ಮೊತ್ತವಾಗಿ ನೋಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಆರ್ಡರ್ ಕಡಿಮೆಯಾದ ವರ್ಷ ವಿದ್ಯುತ್ತೂ ತಾನಾಗಿ ಕಡಿಮೆಯಾಗುತ್ತದೆ ಮತ್ತು ಅದನ್ನು ಯಾರೂ ಸಾಧನೆಯೆಂದು ಕರೆಯಬಾರದು. ಕಳುಹಿಸಿದ ಪ್ರತಿ ಕಿಲೋ ಸಿದ್ಧವಸ್ತುವಿಗೆ ಎಷ್ಟು ಯೂನಿಟ್, ಎಷ್ಟು ಲೀಟರ್, ಎಷ್ಟು ರೂಪಾಯಿಯ ಪ್ಯಾಕಿಂಗ್ ಎಂದು ಭಾಗಿಸಿ ಬರೆದಿಡಬೇಕು. ಹಗುರವಾದ ಅಲ್ಯೂಮಿನಿಯಂ ಭಾಗಗಳನ್ನೂ ಭಾರವಾದ ಉಕ್ಕಿನ ಭಾಗಗಳನ್ನೂ ಒಂದೇ ಸೂರಿನಡಿ ಮಾಡುವವರು ಎರಡಕ್ಕೂ ಬೇರೆ ಲೆಕ್ಕವಿಡುವುದು ಒಳ್ಳೆಯದು. ಇಲ್ಲದಿದ್ದರೆ ಕೆಲಸದ ಮಿಶ್ರಣ ಬದಲಾದದ್ದೇ ಸುಧಾರಣೆಯಂತೆ ಕಂಡೀತು.

ಗ್ರಾಹಕರು ಇಂಗಾಲದ ಲೆಕ್ಕ ಕೇಳಿದರೆ ಅದೂ ಕಷ್ಟದ್ದಲ್ಲ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಅಂಕಿಗಳ ಪ್ರಕಾರ ದೇಶದ ಗ್ರಿಡ್‌ನಿಂದ ಪಡೆದ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ. ಗುಣಿಸಿ ಬರೆದರೆ ವಿದ್ಯುತ್ತು, ಡೀಸೆಲ್ ಎಂಬ ಮೊದಲ ಎರಡು ಕಾಲಂಗಳು ಮುಗಿದವು. ಮೂರನೆಯದು, ಅಂದರೆ ನೀವು ಕೊಂಡ ವಸ್ತು ತಯಾರಾಗುವಾಗ ಹೊರಬಿದ್ದ ಇಂಗಾಲ, ನಿಮ್ಮಂಥ ಘಟಕದಲ್ಲಿ ಎಲ್ಲಕ್ಕಿಂತ ದೊಡ್ಡದು.

ಕಚ್ಚಾವಸ್ತುವಿನ ತೂಕ

ಪರಿಸರಸ್ನೇಹಿ ಎಂದ ಕೂಡಲೇ ಚಾವಣಿಯ ಮೇಲಿನ ಸೌರ ಫಲಕ, ಎಲ್‌ಇಡಿ ದೀಪ, ಗೇಟಿನ ಬಳಿ ನೆಟ್ಟ ಗಿಡ ನಮ್ಮ ಕಣ್ಣಮುಂದೆ ಬರುತ್ತವೆ. ಯಂತ್ರದಲ್ಲಿ ಕೊರೆದು ತಯಾರಿಸುವ ಉಕ್ಕಿನ ಭಾಗದ ಮಟ್ಟಿಗೆ ಹಣವೂ ಇಂಗಾಲವೂ ಅಡಗಿರುವುದು ಬಹುಪಾಲು ಉಕ್ಕಿನಲ್ಲಿಯೇ. ಭಾರತದಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸರಾಸರಿ 2.5 ಟನ್‌ನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕೇಂದ್ರ ಉಕ್ಕು ಸಚಿವಾಲಯವು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರ್ಗೀಕರಣದಂತೆ, ಟನ್ನಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲವಿರುವ ಉಕ್ಕು ಮಾತ್ರ ಹಸಿರು ಉಕ್ಕೆನಿಸಿಕೊಳ್ಳುತ್ತದೆ. 1.6ಕ್ಕಿಂತ ಕಡಿಮೆಯಿದ್ದರೆ ಐದು ನಕ್ಷತ್ರ, 1.6ರಿಂದ 2.0ರವರೆಗೆ ನಾಲ್ಕು, ಅಲ್ಲಿಂದ 2.2ರವರೆಗೆ ಮೂರು.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ದರಗಳನ್ನು ಹಾಕಿಕೊಳ್ಳಿ. ಒಂದು ಭಾಗಕ್ಕೆ 10 ಕಿಲೋ ಸರಳು ಕತ್ತರಿಸಿ 6 ಕಿಲೋ ಸಿದ್ಧವಸ್ತು ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಉಕ್ಕು ಕಿಲೋಗೆ 70 ರೂಪಾಯಿ, ಕೊರೆಯುವಾಗ ಉದುರುವ ಲೋಹದ ಚೂರು, ಅಂದರೆ ಚಿಪ್ಸ್, ಮಾರಿದರೆ 28 ರೂಪಾಯಿ. ಕತ್ತರಿಸುವ ಅಳತೆಯನ್ನು ಮರುಪರಿಶೀಲಿಸಿ, ಕಡೆಯ ತುಂಡುಗಳು ಉಳಿಯದಂತೆ ಸರಳಿನ ಉದ್ದವನ್ನು ಆರ್ಡರ್ ಮಾಡುವಾಗಲೇ ಹೊಂದಿಸಿ, 10 ಕಿಲೋವನ್ನು 9.5ಕ್ಕೆ ಇಳಿಸಿದಿರಿ. ಒಂದು ಭಾಗಕ್ಕೆ ಅರ್ಧ ಕಿಲೋ, ಅಂದರೆ 21 ರೂಪಾಯಿ ಉಳಿಯಿತು. ತಿಂಗಳಿಗೆ 3000 ಭಾಗಗಳಾದರೆ 63,000 ರೂಪಾಯಿ. ಇಂಗಾಲದ ಕಡೆಯಿಂದ ನೋಡಿದರೆ, ಉಳಿದ 1.5 ಟನ್ ಉಕ್ಕಿಗೆ 3.75 ಟನ್. ವಿದ್ಯುತ್ತಿನಲ್ಲಿ ಇಷ್ಟೇ ಇಂಗಾಲ ತಗ್ಗಿಸಬೇಕೆಂದರೆ ತಿಂಗಳಿಗೆ 5,300ಕ್ಕೂ ಹೆಚ್ಚು ಯೂನಿಟ್ ಉಳಿಸಬೇಕಾಗುತ್ತಿತ್ತು. ಚಿಪ್ಸ್ ಮರಳಿ ಕುಲುಮೆಗೇ ಹೋಗುವುದರಿಂದ ಅಷ್ಟೂ ಇಂಗಾಲ ನಷ್ಟವೆಂದು ಹೇಳಲಾಗದು ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದರೆ ಗ್ರಾಹಕರು ಸಾಮಾನ್ಯವಾಗಿ ಅನುಸರಿಸುವ ಪದ್ಧತಿಯಲ್ಲಿ ಕೊಂಡ ತೂಕವೇ ಲೆಕ್ಕಕ್ಕೆ ಬರುತ್ತದೆ.

ಈ ಕೆಲಸದಲ್ಲಿ ತೊಡಕೊಂದಿದೆ. ನಕಾಶೆ ನಿಮ್ಮದಲ್ಲ, ಗ್ರಾಹಕರದು. ಎಲ್ಲಿ ಒಂದು ಮಿಲಿಮೀಟರ್ ಕಡಿಮೆ ಮಾಡಬಹುದು, ಎಲ್ಲಿ ಸರಳಿನ ಬದಲು ಫೋರ್ಜಿಂಗ್ (ಬಡಿದು ಆಕಾರಕ್ಕೆ ತಂದ ತುಂಡು) ತರಿಸಬಹುದು ಎಂಬುದನ್ನು ಅವರ ವಿನ್ಯಾಸ ವಿಭಾಗ ಒಪ್ಪಬೇಕು. ಖರೀದಿ ಅಧಿಕಾರಿಯ ಬಳಿ ಈ ಮಾತು ಸಾಗುವುದಿಲ್ಲ. ಎಂಜಿನಿಯರ್‌ಗಳ ಎದುರು ಕುಳಿತು ಮಾತನಾಡುವ ಅವಕಾಶವನ್ನು ಕೇಳಿ ಪಡೆಯಿರಿ. ಪರಿಸರದ ಪ್ರಶ್ನಾವಳಿಗೆ ಉತ್ತರಿಸುವ ನೆಪದಲ್ಲಿ ಆ ಬಾಗಿಲು ತೆರೆದುಕೊಳ್ಳುವುದಾದರೆ ಆ ಪ್ರಶ್ನಾವಳಿಯಿಂದ ಅಷ್ಟಾದರೂ ಉಪಕಾರವಾಯಿತು.

ತಿರಸ್ಕೃತವಾಗುವ ಪ್ರತಿಯೊಂದು ಭಾಗವೂ ಕೊಂಡ ಉಕ್ಕು, ಸುರಿದ ವಿದ್ಯುತ್ತು, ಹೋಗಿ ಬಂದ ವಾಹನ ಎಲ್ಲವನ್ನೂ ಒಟ್ಟಿಗೆ ನುಂಗುತ್ತದೆ. ರಿಜೆಕ್ಷನ್ ತಗ್ಗಿಸುವುದನ್ನು ಹಸಿರು ಕ್ರಮಗಳ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಬರೆಯಬೇಕು. ಅಲ್ಯೂಮಿನಿಯಂ ಚಿಪ್ಸನ್ನೂ ಉಕ್ಕಿನ ಚಿಪ್ಸನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಸುವುದು, ಕೊರೆಯುವಾಗ ಬಿಸಿ ತಗ್ಗಿಸುವ ಕೂಲೆಂಟ್ ದ್ರವ ಸೋರಿಹೋಗುವಂತೆ ಜಾಲರಿಯ ತಳವಿರುವ ತೊಟ್ಟಿ ಇಡುವುದು ಇವೂ ಅದೇ ಸಾಲಿನವು: ಬೆರಕೆಯಿಲ್ಲದ ಒಣ ಚಿಪ್ಸಿಗೆ ಗುಜರಿಯವರು ಹೆಚ್ಚಿನ ದರ ಕೊಡುತ್ತಾರೆ, ಸೋಸಿದ ಕೂಲೆಂಟ್ ಮರಳಿ ಯಂತ್ರಕ್ಕೆ ಬರುತ್ತದೆ.

ವಿದ್ಯುತ್ತಿನ ಮಟ್ಟಿಗೆ ಒಂದೇ ಸಲಹೆ: ಭಾನುವಾರ ಯಂತ್ರಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಮಾತ್ರ ಚಾಲೂ ಮಾಡಿ ಶೆಡ್ಡಿನೊಳಗೆ ನಡೆದಾಡಿ, ಎಲ್ಲಿ ಗಾಳಿಯ ಸದ್ದು ಕೇಳುತ್ತದೆ ಎಂದು ಗುರುತು ಮಾಡಿಕೊಳ್ಳಿ. ಏಳು ಬಾರ್ ಒತ್ತಡದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಸುಮಾರು 3 ಕಿಲೋವ್ಯಾಟ್ ನುಂಗುತ್ತದೆ. ವರ್ಷಕ್ಕೆ 6000 ಗಂಟೆ ನಡೆಯುವ ಘಟಕದಲ್ಲಿ ಅದು 18,000 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 1,26,000 ರೂಪಾಯಿ. ದುರಸ್ತಿಗೆ ಬೇಕಾದದ್ದು ಒಂದು ಕನೆಕ್ಟರ್ ಅಥವಾ ಒಂದು ಮೊಳ ಪೈಪು. ಸೌರ ಫಲಕದ ಮಾರಾಟಗಾರರನ್ನು ಕರೆಸುವುದು ಇದಾದ ಮೇಲೆ ಆಗಲಿ.

ಪೆಟ್ಟಿಗೆ ಯಾರದು, ಉಳಿತಾಯ ಯಾರದು

ಒಮ್ಮೆ ಬಳಸಿ ಎಸೆಯುವ ರಟ್ಟಿನ ಪೆಟ್ಟಿಗೆಯ ಬದಲು ಹೋಗಿ ಬರುವ ಪ್ಲಾಸ್ಟಿಕ್ ಕ್ರೇಟು ತರಿಸಿ ಎಂದು ದೊಡ್ಡ ಗ್ರಾಹಕರು ಹೇಳುವುದು ಈಗ ಸಾಮಾನ್ಯವಾಗಿದೆ. ಪೂರೈಕೆ ಸರಪಳಿಯ ಹಸಿರು ಕ್ರಮಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಸಣ್ಣ ಪೂರೈಕೆದಾರ ಮೋಸಹೋಗಲು ಇದಕ್ಕಿಂತ ಸುಲಭದ ದಾರಿಯೂ ಇಲ್ಲ. ಆದ್ದರಿಂದ ಲೆಕ್ಕವನ್ನು ಬಿಡಿಸಿಯೇ ನೋಡಬೇಕು.

ತಿಂಗಳಿಗೆ 25 ದಿನ, ದಿನಕ್ಕೆ 80 ಪೆಟ್ಟಿಗೆ ಕಳುಹಿಸುತ್ತೀರಿ, ಒಂದು ರಟ್ಟಿನ ಪೆಟ್ಟಿಗೆಗೆ 60 ರೂಪಾಯಿ ಎಂದುಕೊಂಡರೆ ತಿಂಗಳ ಖರ್ಚು 1,20,000 ರೂಪಾಯಿ. ಕ್ರೇಟಿನ ಬೆಲೆ 600 ರೂಪಾಯಿ ಇರಲಿ. ಎಷ್ಟು ಕ್ರೇಟು ಬೇಕೆಂಬುದು ದಿನದ ರವಾನೆಯ ಮೇಲಷ್ಟೇ ನಿಂತಿಲ್ಲ, ಒಂದು ಕ್ರೇಟು ಹೊರಟು ಮರಳಿ ನಿಮ್ಮ ಕೈಸೇರಲು ಹಿಡಿಯುವ ಕೆಲಸದ ದಿನಗಳ ಮೇಲೆ ನಿಂತಿದೆ. ನಿಮ್ಮಲ್ಲಿ ತುಂಬಿಡುವುದು 3 ದಿನ, ಸಾಗಣೆ 1, ಗ್ರಾಹಕರ ಗೋದಾಮು 5, ಮರಳಿ ಬರುವುದು 3, ಒಟ್ಟು 12 ದಿನ. 80ನ್ನು 12ರಿಂದ ಗುಣಿಸಿದರೆ 960. ಒಡೆದದ್ದು, ತಡವಾದದ್ದು ಎಂದು ಶೇ 15 ಸೇರಿಸಿದರೆ ಸುಮಾರು 1,100 ಕ್ರೇಟು, 6,60,000 ರೂಪಾಯಿಯ ಬಂಡವಾಳ. ತಿಂಗಳಿಗೆ ತೊಳೆಯುವುದಕ್ಕೆ 10,000, ಖಾಲಿ ಕ್ರೇಟು ತರುವ ಬಾಡಿಗೆ 24,000, ಶೇ 2ರಷ್ಟು ಕಳೆದುಹೋದವುಗಳ ಬದಲಿಗೆ 13,200. ಇವನ್ನು ಕಳೆದರೆ ನಿವ್ವಳ ಉಳಿತಾಯ 72,800 ರೂಪಾಯಿ, ಅಂದರೆ ಸುಮಾರು ಒಂಬತ್ತು ತಿಂಗಳಲ್ಲಿ ಬಂಡವಾಳ ಮರಳುತ್ತದೆ.

ಈಗ ಒಂದೇ ಒಂದು ಅಂಕಿಯನ್ನು ಬದಲಿಸಿ. ಗ್ರಾಹಕರ ಗೋದಾಮಿನಲ್ಲಿ ಕ್ರೇಟುಗಳು 5 ದಿನದ ಬದಲು 15 ದಿನ ಕೂತವು. ಸುತ್ತು 22 ದಿನವಾಯಿತು, ಬೇಕಾದ ಕ್ರೇಟು 2,000ಕ್ಕೇರಿತು, ಬಂಡವಾಳ 12 ಲಕ್ಷವಾಯಿತು, ಕಳೆದುಹೋಗುವ ಕ್ರೇಟುಗಳ ಬಾಬ್ತು 24,000 ಆಯಿತು. ನಿವ್ವಳ ಉಳಿತಾಯ 62,000ಕ್ಕೆ ಇಳಿದು, ಬಂಡವಾಳ ಮರಳುವ ಅವಧಿ ಹತ್ತೊಂಬತ್ತು ತಿಂಗಳು ದಾಟಿತು. ಬದಲಾವಣೆಗೆ ಕಾರಣವಾದ ಹತ್ತು ದಿನಗಳಲ್ಲಿ ಒಂದೂ ನಿಮ್ಮ ಹತೋಟಿಯಲ್ಲಿರಲಿಲ್ಲ. ನಾನು ಬಲ್ಲ ಒಂದು ಘಟಕದ ಕ್ರೇಟುಗಳು ಗ್ರಾಹಕರ ಅಂಗಳದಲ್ಲಿ ಬೇರೆ ಪೂರೈಕೆದಾರರ ನಟ್ಟು ಬೋಲ್ಟು ತುಂಬಿಕೊಂಡು ತಿಂಗಳುಗಟ್ಟಲೆ ಕೂತಿದ್ದವು; ಕೇಳಲು ಹೋದ ಡ್ರೈವರಿಗೆ ಗೇಟಿನಲ್ಲೇ ಸಿಕ್ಕ ಉತ್ತರ, ಸ್ಟೋರ್ಸಿನವರನ್ನು ಕೇಳಿ ಎಂದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಆದ್ದರಿಂದ ಕ್ರೇಟಿಗೆ ಒಪ್ಪುವ ಮೊದಲು ಮೂರು ಮಾತುಗಳನ್ನು ಬರಹದಲ್ಲಿ ಪಡೆಯಿರಿ. ಕ್ರೇಟಿನ ಬಂಡವಾಳ ಯಾರದು, ಅಥವಾ ಭಾಗದ ಬೆಲೆಯಲ್ಲಿ ಅದನ್ನು ಎಷ್ಟು ತಿಂಗಳಲ್ಲಿ ಮರಳಿಸಲಾಗುತ್ತದೆ ಎಂಬುದು ಮೊದಲನೆಯದು. ಇಷ್ಟು ದಿನಗಳೊಳಗೆ ಮರಳಿಸದಿದ್ದರೆ ಕಳೆದುಹೋದದ್ದೆಂದು ಭಾವಿಸಿ ಬಿಲ್ಲು ಹಾಕುವ ಹಕ್ಕು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ರಟ್ಟಿನ ಪೆಟ್ಟಿಗೆಯ 60 ರೂಪಾಯಿ ಈಗ ಭಾಗದ ಬೆಲೆಯೊಳಗೆ ಸೇರಿದ್ದರೆ, ಕ್ರೇಟು ಬಂದ ಮರುತಿಂಗಳೇ ಖರೀದಿ ವಿಭಾಗ ಅದನ್ನು ಬೆಲೆಯಿಂದ ಕಡಿತಗೊಳಿಸಲು ನೋಡುತ್ತದೆ. ನಿಮ್ಮ ಬಂಡವಾಳ ಮರಳುವವರೆಗೆ ಬೆಲೆ ಕಡಿತವಿಲ್ಲ, ಆಮೇಲಿನ ಉಳಿತಾಯದಲ್ಲಿ ಇಬ್ಬರಿಗೂ ಸಮಪಾಲು ಎಂಬ ಒಪ್ಪಂದ ನ್ಯಾಯವಾದದ್ದು. ಕ್ರೇಟುಗಳನ್ನು ಇನ್‌ವಾಯ್ಸಿನ ಮೌಲ್ಯಕ್ಕೆ ಸೇರಿಸದೆ, ಮರಳಿ ಬರಬೇಕಾದ ವಸ್ತುವೆಂದು ಡೆಲಿವರಿ ಚಲನ್‌ನಲ್ಲಿ ಸಂಖ್ಯೆಸಹಿತ ನಮೂದಿಸಿ, ಸಹಿ ಪಡೆಯುವ ರೂಢಿ ಮಾಡಿಕೊಳ್ಳಿ.

ಸಾಗಣೆ

ಪೀಣ್ಯದಿಂದ ಬಿಡದಿಗೆ ಸುಮಾರು 40 ಕಿಲೋಮೀಟರ್. ಹೋಗಿ ಬರಲು ಸಣ್ಣ ಲಾರಿಯೊಂದು 10 ಲೀಟರ್ ಡೀಸೆಲ್ ಕುಡಿದರೆ 27 ಕಿಲೋ ಇಂಗಾಲದ ಡೈಆಕ್ಸೈಡ್. ವಾಹನ ತುಂಬಿದ್ದರೂ ಅರ್ಧ ಖಾಲಿಯಿದ್ದರೂ ಬಾಡಿಗೆ ಒಂದೇ, ಡೀಸೆಲ್ಲೂ ಬಹುಮಟ್ಟಿಗೆ ಅಷ್ಟೇ. ಗ್ರಾಹಕರು ದಿನಕ್ಕೆ ಎರಡು ಬಾರಿ ಸರಕು ಬೇಕೆಂದು ಪಟ್ಟುಹಿಡಿದರೆ ಅವರ ದಾಸ್ತಾನು ತಗ್ಗುತ್ತದೆ, ನಿಮ್ಮ ವಾಹನ ಅರ್ಧ ತುಂಬಿ ಎರಡು ಸಲ ಓಡುತ್ತದೆ. ಝು ಮತ್ತು ಸಾರ್ಕಿಸ್ ಅವರ ಎಚ್ಚರಿಕೆಯನ್ನು ನಾನು ಈ ನೆಲೆಯಿಂದ ಓದಿಕೊಳ್ಳುತ್ತೇನೆ. ಇದಕ್ಕೆ ಒಳ್ಳೆಯ ಪರಿಹಾರ ಮಿಲ್ಕ್ ರನ್, ಅಂದರೆ ಡೇರಿಯ ವಾಹನ ಊರೂರು ಸುತ್ತಿ ಹಾಲು ತುಂಬಿಸಿಕೊಳ್ಳುವಂತೆ ಒಂದೇ ಲಾರಿ ಹಲವು ಪೂರೈಕೆದಾರರ ಬಳಿ ನಿಗದಿತ ಹೊತ್ತಿಗೆ ನಿಂತು ಸರಕು ಹೇರಿಕೊಂಡು ಹೋಗುವ ವ್ಯವಸ್ಥೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಗೆ ಬಿಡಿಭಾಗಗಳು ಬರುವುದು ಈ ಪದ್ಧತಿಯಲ್ಲಿ. ಹೋಗುವಾಗ ತುಂಬಿದ ಕ್ರೇಟು, ಬರುವಾಗ ಖಾಲಿ ಕ್ರೇಟು ಎಂದಾದರೆ ಮೇಲಿನ ಲೆಕ್ಕದ 24,000 ರೂಪಾಯಿಯೂ ಬಹುಪಾಲು ಉಳಿಯುತ್ತದೆ.

ಗ್ರಾಹಕರೇ ಇಂಥ ವ್ಯವಸ್ಥೆ ಮಾಡದಿದ್ದರೆ ಅಕ್ಕಪಕ್ಕದ ಎರಡು ಮೂರು ಘಟಕಗಳು ಸೇರಿ ಒಂದೇ ವಾಹನ ಗೊತ್ತುಮಾಡಿಕೊಳ್ಳಬಹುದು. ಕೇಳಲು ಸುಲಭ, ನಡೆಸಲು ಕಷ್ಟ. ಒಬ್ಬರ ಸರಕು ತಡವಾದರೆ ಎಲ್ಲರದೂ ತಡವಾಗುತ್ತದೆ, ಒಬ್ಬರ ಗ್ರಾಹಕರು ಯಾರೆಂಬುದು ಇನ್ನೊಬ್ಬರಿಗೆ ತಿಳಿಯುತ್ತದೆ. ಒಂದೇ ಗ್ರಾಹಕರಿಗೆ ಬೇರೆ ಬೇರೆ ಬಗೆಯ ಭಾಗ ಕೊಡುವ ಘಟಕಗಳು ಸೇರಿದಾಗ ಮಾತ್ರ ಇದು ಬಾಳಿಕೆ ಬರುತ್ತದೆ.

ಹೊರಗೆ ಮಾಡಿಸುವ ಕೆಲಸ

ಲೋಹದ ಲೇಪ ಹಾಕುವ ಪ್ಲೇಟಿಂಗ್, ಕಾಯಿಸಿ ಗಟ್ಟಿಗೊಳಿಸುವ ಹೀಟ್ ಟ್ರೀಟ್‌ಮೆಂಟ್, ಪೌಡರ್ ಕೋಟಿಂಗ್ ಇವನ್ನು ಬಹುತೇಕ ಘಟಕಗಳು ಜಾಬ್ ವರ್ಕಿಗೆ ಕೊಡುತ್ತವೆ. ಗ್ರಾಹಕರಿಂದ ಬಂದ ಪ್ರಶ್ನಾವಳಿಯನ್ನು ಹಾಗೆಯೇ ಪ್ಲೇಟಿಂಗ್ ಮಾಡುವವರಿಗೆ ದಾಟಿಸಿ, ತುಂಬಿಸಿಕೊಂಡು ಕಡತಕ್ಕೆ ಸೇರಿಸುವುದು ಸಾಮಾನ್ಯ ಅಭ್ಯಾಸ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ಮೂರು ಸಂಗತಿಗಳನ್ನು ನೋಡಿ: ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದ ಅವಧಿ, ಕೆಸರು ಮತ್ತು ಆಮ್ಲದ ತ್ಯಾಜ್ಯ ಎತ್ತಿಕೊಂಡು ಹೋದ ವಾಹನದ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಪ್ರತಿಗಳು, ತೊಳೆಯುವ ತೊಟ್ಟಿಗಳ ನೀರು ಕೊನೆಗೆ ಸೇರುವ ಜಾಗ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದ ಕಥೆ ಇಲ್ಲಿಯವರಿಗೆ ಹೊಸದೇನಲ್ಲ.

ಇದು ವ್ಯಾಪಾರಕ್ಕೆ ಹೇಗೆ ತಟ್ಟುತ್ತದೆ ಎಂದರೆ, ಮಂಡಳಿಯ ಆದೇಶದಿಂದ ಪ್ಲೇಟಿಂಗ್ ಘಟಕ ಒಂದು ವಾರ ಮುಚ್ಚಿದರೆ ನಿಮ್ಮ ರವಾನೆಯೂ ಒಂದು ವಾರ ನಿಲ್ಲುತ್ತದೆ, ಗ್ರಾಹಕರ ಲೈನ್ ನಿಂತದ್ದಕ್ಕೆ ಡೆಬಿಟ್ ನೋಟು ಬರುವುದು ನಿಮಗೆ. ಇನ್ನು ವಿದ್ಯುನ್ಮಾನ ಸಾಧನಗಳಿಗೆ ಹೋಗುವ ಭಾಗವಾದರೆ ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪದ ಬಳಕೆಯನ್ನು ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದಲೇ ನಿರ್ಬಂಧಿಸಿದೆ. ವಾಹನಗಳ ಭಾಗಗಳಿಗೂ ಅಂಥದೇ ನಿರ್ಬಂಧವಿದೆ. ಅದರ ಬದಲಿಗೆ ಬಳಸುವ ಮೂರು ವೇಲೆನ್ಸಿಯ ಪ್ಯಾಸಿವೇಶನ್ (ತುಕ್ಕು ತಡೆಯುವ ಸಂಸ್ಕರಣೆ) ತುಸು ದುಬಾರಿಯೆಂದು ಪ್ಲೇಟಿಂಗ್ ಮಾಡುವವರು ಹಳೆಯ ದ್ರಾವಣಕ್ಕೇ ಮರಳಿದ್ದು ನಿಮಗೆ ತಿಳಿಯುವುದು ಸರಕು ಬಂದರಿನಾಚೆ ತಿರಸ್ಕೃತವಾದಾಗ. ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟು ಒಳ್ಳೆಯ ಪ್ಲೇಟಿಂಗ್ ಘಟಕದೊಂದಿಗೆ ಉಳಿಯುವುದು ಇಲ್ಲಿ ವಿಮೆಯ ಕಂತಿನಂತೆ. ಅದು ಉಳಿತಾಯವಲ್ಲ, ಹಾಗೆಂದು ತೋರಿಸಬೇಡಿ.

ನಿಮ್ಮದೇ ಬಳಸಿದ ಎಣ್ಣೆ, ಕೂಲೆಂಟಿನ ಕೆಸರು, ಎಣ್ಣೆ ಹತ್ತಿದ ಬಟ್ಟೆಯೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತವೆ. ಬ್ಯಾರಲ್ಲಿಗೆ ನಾಲ್ಕು ಕಾಸು ಹೆಚ್ಚು ಕೊಡುವವನೆಂದು ಅಧಿಕೃತನಲ್ಲದವನಿಗೆ ಮಾರಿದರೆ ಹೊಣೆ ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ.

ಫಲವನ್ನು ಪುಸ್ತಕಕ್ಕೆ ತರುವುದು

ಮೇಲಿನ ಕ್ರಮಗಳ ಪರಿಣಾಮವನ್ನು ಅಳೆಯಲು ಮೂರು ಬೇರೆ ಹಾಳೆಗಳನ್ನಿಡಿ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಬೆರೆಸಬೇಡಿ. ಮೊದಲ ಹಾಳೆಯಲ್ಲಿ ಕೈಗೆ ಬಂದ ಹಣ: ಉಕ್ಕು, ವಿದ್ಯುತ್ತು, ಡೀಸೆಲ್, ಪ್ಯಾಕಿಂಗ್, ಗುಜರಿಯ ದರ. ಇವು ಪ್ರತಿ ಕಿಲೋ ಲೆಕ್ಕದಲ್ಲಿ ಹಿಂದಿನ ವರ್ಷಕ್ಕಿಂತ ಎಷ್ಟು ಇಳಿದವು ಎಂಬುದನ್ನು ಪ್ರಮಾಣದಲ್ಲಿ ಬರೆದು, ಆಮೇಲೆ ಹಿಂದಿನ ವರ್ಷದ ದರದಿಂದಲೇ ಗುಣಿಸಿ. ಉಕ್ಕಿನ ಪೇಟೆ ಬೆಲೆ ಬಿದ್ದದ್ದು ನಿಮ್ಮ ಸಾಧನೆಯಲ್ಲ, ವಿದ್ಯುತ್ ದರ ಏರಿದ್ದು ನಿಮ್ಮ ತಪ್ಪೂ ಅಲ್ಲ.

ಎರಡನೆಯ ಹಾಳೆ ಖರ್ಚಿನದು. ಕ್ರೇಟಿನ ಬಂಡವಾಳದ ಬಡ್ಡಿ, ಪ್ಲೇಟಿಂಗಿನ ಹೆಚ್ಚುವರಿ ದರ, ತರಬೇತಿ, ಪ್ರಮಾಣಪತ್ರದ ಶುಲ್ಕ, ಅಂಕಿ ಸಂಗ್ರಹಿಸುವ ನೌಕರನ ಸಮಯ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಪ್ರಮಾಣಪತ್ರದ ವಿಷಯದಲ್ಲಿ, ಗ್ರಾಹಕರು ಐಎಸ್‌ಒ 14001 ಎಂಬ ಪರಿಸರ ನಿರ್ವಹಣೆಯ ಪ್ರಮಾಣಪತ್ರ ಕಡ್ಡಾಯವೆಂದು ಹೇಳದಿದ್ದರೆ ಆತುರ ಬೇಡ. ಕೇಂದ್ರದ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಸಚಿವಾಲಯದ, ದೋಷವೂ ಪರಿಸರ ಹಾನಿಯೂ ಇಲ್ಲದ ತಯಾರಿಕೆಯನ್ನು ಉತ್ತೇಜಿಸುವ ಝೆಡ್ ಯೋಜನೆಯಲ್ಲಿ ಕಂಚು, ಬೆಳ್ಳಿ, ಚಿನ್ನದ ಹಂತಗಳಿದ್ದು, ಪ್ರಮಾಣಪತ್ರದ ವೆಚ್ಚದಲ್ಲಿ ಅತಿಸಣ್ಣ ಘಟಕಗಳಿಗೆ ಶೇ 80, ಸಣ್ಣವಕ್ಕೆ ಶೇ 60, ಮಧ್ಯಮದವಕ್ಕೆ ಶೇ 50 ಸಹಾಯಧನ ದೊರೆಯುವಂತೆ 2022ರಲ್ಲಿ ಅದನ್ನು ಮರುರೂಪಿಸಲಾಯಿತು. ಮೊದಲ ಮೆಟ್ಟಿಲಾಗಿ ಅದು ಸಾಕು. ಪ್ರಮಾಣಪತ್ರ ತಾನಾಗಿ ಒಂದು ರೂಪಾಯಿಯನ್ನೂ ಉಳಿಸದು; ಟೆಂಡರಿನ ಬಾಗಿಲಲ್ಲಿ ನಿಮ್ಮನ್ನು ಒಳಗೆ ಬಿಡಿಸಬಹುದು, ಅಷ್ಟೇ.

ಮೂರನೆಯ ಹಾಳೆಯಲ್ಲಿ ರೂಪಾಯಿಯಲ್ಲಿ ಹೇಳಲಾಗದ ಸಂಗತಿಗಳು ಬರುತ್ತವೆ: ಗ್ರಾಹಕರ ಪೂರೈಕೆದಾರ ಶ್ರೇಣಿಯಲ್ಲಿ ನಿಮ್ಮ ಅಂಕ, ಪ್ರಶ್ನಾವಳಿಯ ನಂತರ ಬಂದ ಹೊಸ ವಿಚಾರಣೆಗಳು, ಕಳೆದುಕೊಂಡ ಆರ್ಡರುಗಳು ಮತ್ತು ಅವುಗಳ ಕಾರಣ. ಇಲ್ಲಿ ಪ್ರಾಮಾಣಿಕತೆ ಬೇಕು. ಒಬ್ಬ ಗ್ರಾಹಕರು ಆರ್ಡರ್ ಹೆಚ್ಚಿಸಿದ್ದು ನಿಮ್ಮ ಹಸಿರು ಕ್ರಮಗಳಿಂದಲೋ ಅವರ ವಾಹನ ಚೆನ್ನಾಗಿ ಮಾರಾಟವಾಗಿದ್ದರಿಂದಲೋ ಎಂದು ಖರೀದಿ ಅಧಿಕಾರಿಯನ್ನೇ ಕೇಳಿ ಬರೆಯಿರಿ. ನನ್ನ ಅನುಭವದಲ್ಲಿ ಹೆಚ್ಚಿನ ಉತ್ತರಗಳು ಎರಡನೆಯ ಬಗೆಯವೇ. ಆದರೆ ಆರ್ಡರ್ ಕೈತಪ್ಪಿದ ಪ್ರಸಂಗಗಳಲ್ಲಿ ದಾಖಲೆ ಇಲ್ಲದಿರುವುದು ಕಾರಣವಾಗುವುದು ಹೆಚ್ಚುತ್ತಿದೆ.

ನಿಮ್ಮ ಜಾಲತಾಣದಲ್ಲೋ ಕ್ಯಾಟಲಾಗಿನಲ್ಲೋ ಪರಿಸರಸ್ನೇಹಿ ಎಂದು ಬರೆದುಕೊಳ್ಳುವ ಮೊದಲು, ದಾರಿತಪ್ಪಿಸುವ ಹಸಿರು ಹೇಳಿಕೆಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿರುವುದು ಗಮನದಲ್ಲಿರಲಿ. ಪ್ರತಿ ಕಿಲೋ ಸಿದ್ಧವಸ್ತುವಿಗೆ ಕೊಳ್ಳುವ ಉಕ್ಕು ಇಂಥ ವರ್ಷಕ್ಕಿಂತ ಇಷ್ಟು ಕಡಿಮೆಯಾಗಿದೆ ಎಂದು ಅಂಕಿಯಲ್ಲಿ ಬರೆಯುವುದು ಸುರಕ್ಷಿತ, ಓದುವ ಎಂಜಿನಿಯರ್‌ಗೂ ಅದೇ ಬೇಕು.

ಮೂರು ತಿಂಗಳಿಗೊಮ್ಮೆ ಈ ಹಾಳೆಗಳನ್ನು ಸ್ಟೋರ್ಸ್, ಕ್ವಾಲಿಟಿ, ಲೆಕ್ಕಪತ್ರ ಈ ಮೂರೂ ವಿಭಾಗದವರ ಎದುರು ಇಡಿ. ನಾಲ್ಕು ತ್ರೈಮಾಸಿಕ ಕಳೆದರೂ ಮೊದಲ ಹಾಳೆಯಲ್ಲಿ ಕಾಣಿಸದ, ಮೂರನೆಯದರಲ್ಲಿ ಗ್ರಾಹಕರ ಬಾಯಿಂದ ಒಮ್ಮೆಯೂ ಕೇಳಿಬರದ, ಕಾನೂನಿಗೂ ಬೇಕಿಲ್ಲದ ಕ್ರಮವಿದ್ದರೆ ಅದನ್ನು ನಿಲ್ಲಿಸಲು ಸಂಕೋಚಪಡಬೇಕಾಗಿಲ್ಲ. ಆ ಹಣದಲ್ಲಿ ಇನ್ನೊಂದು ಭಾಗದ ಸರಳಿನ ಅಳತೆಯನ್ನು ಸರಿಪಡಿಸಬಹುದು. ವಾರ್ಷಿಕ ಬೆಲೆ ಮಾತುಕತೆಗೆ ಹೋಗುವಾಗ ಎರಡನೆಯ ಹಾಳೆಯನ್ನು ಮೇಲಿಟ್ಟು, ಮೊದಲನೆಯದನ್ನು ಅದರ ಕೆಳಗಿಟ್ಟುಕೊಂಡು ಹೋಗಿ. ಗ್ರಾಹಕರು ಉಳಿತಾಯದಲ್ಲಿ ಪಾಲು ಕೇಳುವುದು ಖಚಿತ, ಖರ್ಚಿನಲ್ಲಿ ಅವರ ಪಾಲೆಷ್ಟು ಎಂದು ನೀವು ಮೊದಲು ಕೇಳಿ.